ಒಂದೇ ಬಟ್ಟಲು, ಎರಡು ಕಾಲಂ



2025ರ ಸೆಪ್ಟೆಂಬರ್‌ನಾಗ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯ್ತಲ್ಲ, ಆವಾಗ ಬಬಲೇಶ್ವರ ಕಡೆಯ ಅಕ್ಕಾರೊಬ್ಬರು ನನ್ನ ಕೇಳಿದ್ರು: "ತಮ್ಮಾ, ನಾ ಭಾನುವಾರ ಚರ್ಚಿಗೆ ಹೋಗೂದು ಖರೇ. ಧರ್ಮದ ಕಾಲಂನಾಗ ಅದನ್ನ ಬರೆಸಿದ್ರ ಮಗನ ಜಾತಿ ಸರ್ಟಿಫಿಕೇಟ್ ಹೋಗ್ತೈತೇನು?"

ಕೇರಿಯಲ್ಲಿ ಅವರು ಮಾದಿಗರು. ಊರವರ ಕಣ್ಣಿಗೂ ಮಾದಿಗರೇ. ಚರ್ಚಿನಲ್ಲಿ ವಿಶ್ವಾಸಿ. ಫಾರ್ಮ್ ಮುಂದೆ ಬಂದಾಗ ಮಾತ್ರ ಎರಡರಲ್ಲಿ ಒಂದನ್ನು ಬಚ್ಚಿಡಬೇಕು.

ನಾನು ಕ್ರೈಸ್ತ ಅಲ್ಲ, ಬಾಬಾಸಾಹೇಬರ ದಾರಿಯವನು. ಆದ್ರ ಈ ಪ್ರಶ್ನೆ ನಮ್ಮೆಲ್ಲರದು. ಅದಕ್ಕ ಆ ಚರ್ಚಿನ ಇತಿಹಾಸ ಸ್ವಲ್ಪ ತಿಳಕೊಳ್ಳೋಣ.

ನಮ್ಮ ಭಾಗಕ್ಕೆ ಪ್ರೊಟೆಸ್ಟಂಟ್ ಧರ್ಮ ಬಂದದ್ದು ಬಾಸೆಲ್ ಮಿಷನ್ ಮೂಲಕ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಆ ಸಂಸ್ಥೆಯ ಮೂರು ಜನ 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ. ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಇದೇ ಮಿಷನ್ನಿನವರು. 1876-78ರ ಬರ ನಮ್ಮ ಜಿಲ್ಲೆಯನ್ನು ಹಿಂಡಿ ಹಾಕಿತು. ಆಗ ಅದಕ್ಕೆ ಕಲಾದಗಿ ಜಿಲ್ಲೆ ಅಂತ ಹೆಸರು. ಎಂಟು ಲಕ್ಷದ ಆಸುಪಾಸು ಇದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಬರದಲ್ಲಿ ಮೊದಲು ಸಾಯೋದು ಯಾರು ಅಂತ ನಿಮಗ ಹೇಳಬೇಕಾಗಿಲ್ಲ. ಅನಾಥ ಮಕ್ಕಳಿಗೆ ಗಂಜಿ ಮತ್ತು ಅಕ್ಷರ ಎರಡನ್ನೂ ಕೊಟ್ಟವರಲ್ಲಿ ಈ ಮಿಷನ್ನಿನವರೂ ಇದ್ದರು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು, ಮಿಷನ್ ಕೂಡ ಅದೇ ಹೊತ್ತಿಗೆ ಇಲ್ಲಿ ನೆಲೆಯೂರಿತು.

"ಗಂಜಿಗಾಗಿ ಮತಾಂತರ" ಅಂತ ಹಂಗಿಸುವವರು ಇದ್ದಾರೆ. ಅವರಿಗೆ ಒಂದೇ ಮಾತು: ಆ ಗಂಜಿಯನ್ನ ನೀವ್ಯಾಕ ಹಾಕಲಿಲ್ಲ? ಮತ್ತ ಗಂಜಿ ಅಷ್ಟೇ ಅಲ್ಲ, ಅಲ್ಲಿ ಒಂದು ಬಟ್ಟಲೂ ಇತ್ತು.

ಪ್ರೊಟೆಸ್ಟಂಟರ ಮುಖ್ಯ ಸಂಸ್ಕಾರ ಎರಡು: ದೀಕ್ಷಾಸ್ನಾನ ಮತ್ತು ಕರ್ತನ ಭೋಜನ. ಭೋಜನದಲ್ಲಿ ಒಂದೇ ರೊಟ್ಟಿ ಮುರಿದು ಹಂಚಿಕೊಂಡು, ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯೋದು ಹಳೆಯ ಪದ್ಧತಿ. ಚಹಾದಂಗಡಿಯಲ್ಲಿ ನಮಗೆ ಬೇರೆ ಲೋಟ ಇಟ್ಟ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಜಾತಿವಂತ ಕ್ರೈಸ್ತರಿಗೂ ಅದು ಗೊತ್ತಿತ್ತು. ತಂಜಾವೂರು ಕಡೆ ಮೇಲ್ಜಾತಿಯಿಂದ ಬಂದವರು ಚರ್ಚಿನೊಳಗೇ ಬೇರೆ ಕೂತು, ಬಟ್ಟಲು ಮೊದಲು ತಮಗೇ ಬರಬೇಕು ಅಂತ ಹಠ ಹಿಡಿದರು. 1833ರಲ್ಲಿ ಕಲ್ಕತ್ತಾದ ಬಿಷಪ್ ಡ್ಯಾನಿಯಲ್ ವಿಲ್ಸನ್ ಚರ್ಚಿನಲ್ಲಿ ಜಾತಿ ಬಿಡಲೇಬೇಕು ಅಂತ ಆಜ್ಞೆ ಮಾಡಿದಾಗ ಎಷ್ಟೋ ಜನ ಚರ್ಚನ್ನೇ ಬಿಟ್ಟರು, ಜಾತಿ ಬಿಡಲಿಲ್ಲ. ಬಾಸೆಲ್ ಮಿಷನ್ ಕೂಡ ಸಭೆಯೊಳಗೆ ಜಾತಿ ಒಪ್ಪಲಿಲ್ಲ.

ಈಗ ಸಿಎಸ್‌ಐ, ಅಂದ್ರ ದಕ್ಷಿಣ ಭಾರತ ಸಭೆಯ ಮಾತು. 1919ರಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಪಂಗಡದ ಪಾಸ್ಟರುಗಳು ಕೂಡಿದರು. ಹೆಚ್ಚಿನವರು ಭಾರತೀಯರೇ. ಇಂಗ್ಲೆಂಡು, ಅಮೆರಿಕದಲ್ಲಿ ಹುಟ್ಟಿದ ಜಗಳವನ್ನ ನಾವ್ಯಾಕ ಹೊರಬೇಕು ಅನ್ನೋದು ಅವರ ಪ್ರಶ್ನೆ. ಮುಂದಾಳು ವಿ. ಎಸ್. ಅಜರಾಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅವರ ದೋರ್ನಕಲ್ ಪ್ರಾಂತದ ಸಭೆಗಳಲ್ಲಿ ಬಹುಪಾಲು ಮಾಲರು, ಮಾದಿಗರು. ಮಾತುಕತೆ 28 ವರ್ಷ ನಡೆಯಿತು. ಅಜರಾಯ 1945ರಲ್ಲೇ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆ ಕೂಡಿ ಒಂದಾದವು. ಬಿಷಪ್ ಇರುವ ಪಂಗಡ, ಇಲ್ಲದ ಪಂಗಡ ಹೀಗೆ ಕೂಡಿದ್ದು ಜಗತ್ತಿನಲ್ಲೇ ದೊಡ್ಡ ಸುದ್ದಿ. ನಮ್ಮ ಧಾರವಾಡ-ವಿಜಯಪುರ ಭಾಗದ ಬಾಸೆಲ್ ಸಭೆಗಳು ತಡವಾಗಿ ಒಳಗೆ ಬಂದವು. ಈಗ ಅವು ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ ಸೇರಿವೆ, ಅದರ ಕೇಂದ್ರ ಧಾರವಾಡ.

ಕಟ್ಟಡ ಹೆಂಗೈತಿ ನೋಡ್ರಿ. ಕೆಳಗೆ ಊರಿನ ಸಭೆ, ಅದಕ್ಕೆ ಆಯ್ಕೆಯಾದ ಕಮಿಟಿ. ಅದರ ಮೇಲೆ ಸಭಾಪ್ರಾಂತದ ಕೌನ್ಸಿಲ್, ಎಲ್ಲದರ ಮೇಲೆ ಸಿನೊಡ್. ಬಿಷಪ್ ಇರ್ತಾರ, ಆದರೆ ಒಬ್ಬರೇ ರಾಜರಲ್ಲ. ಪಾಸ್ಟರುಗಳ ಜೊತೆ ಸಾಮಾನ್ಯ ಸಭಿಕರೂ ಕೂತು ಮತ ಹಾಕ್ತಾರ. ಸಿನೊಡ್ ನಡೆಸುವ ಮಾಡರೇಟರ್ ಕೂಡ ಚುನಾಯಿತರೇ. 1970ರ ದಶಕದಿಂದ ಹೆಣ್ಣುಮಕ್ಕಳಿಗೂ ಪಾಸ್ಟರ್ ದೀಕ್ಷೆ ಸಿಕ್ಕಿತು. 2013ರಲ್ಲಿ ನಂದ್ಯಾಲದ ಪುಷ್ಪಲಲಿತಾ ಅವರು ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಆದರು. ಗರ್ಭಗುಡಿಯೊಳಗೆ ನಮ್ಮ ಹೆಣ್ಣುಮಕ್ಕಳು ಪೂಜಾರಿಯಾಗಿ ನಿಂತದ್ದು ನೀವೆಲ್ಲಿ ನೋಡೀರಿ?

ಹಂಗಂತ ಹೊಗಳಿ ಮುಗಿಸೋದಿಲ್ಲ. ಬಟ್ಟಲು ಒಂದಾದರೂ ಬೀಗತನ ಒಂದಾಗಲಿಲ್ಲ. ಮದುವೆ ಮಾಡುವಾಗ, ಕಮಿಟಿ-ಬಿಷಪ್ ಚುನಾವಣೆಯಲ್ಲಿ ಮತ ಎಣಿಸುವಾಗ ಜಾತಿ ಹಿಂಬಾಗಿಲಿಂದ ಬರ್ತೈತಿ. ತಮಿಳುನಾಡಿನ ಕೆಲವು ಊರಲ್ಲಿ ಕ್ರೈಸ್ತರ ಸ್ಮಶಾನಗಳೂ ಬೇರೆ ಬೇರೆ. ಇದನ್ನು ಹೊರಗಿನವರು ಹೇಳಿದ್ದಲ್ಲ, ಒಳಗಿನ ದಲಿತರೇ ಹೇಳಿದರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಅನ್ನೋ ವಿಚಾರ ಬೆಳೀತು. ಯೇಸುವನ್ನು ನೊಂದವರ ಕಡೆಯಿಂದ ನೋಡದ ಧರ್ಮಶಾಸ್ತ್ರ ನಮಗೆ ಬೇಡ ಅನ್ನೋದು ಅದರ ಸಾರ.

ಅಂದ್ರ ಜಾತಿ ಚರ್ಚಿನೊಳಗೂ ಬೆನ್ನು ಬಿಟ್ಟಿಲ್ಲ. ಆದರೆ ಕಾಯ್ದೆ ಹೇಳೋದು ಬೇರೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಬೌದ್ಧರನ್ನು? 1990ರಲ್ಲಿ. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡು 34 ವರ್ಷ ಆದ ಮೇಲೆ! ಬುದ್ಧನ ಕಡೆ ಹೋದ ನಮ್ಮ ಮಂದಿಯೂ ಅಷ್ಟು ವರ್ಷ ಇದೇ ಕಾಲಂ ಮುಂದೆ ಪೆನ್ನು ಹಿಡಿದು ನಿಂತಿದ್ರು, ಮರೀಬ್ಯಾಡ್ರಿ. ದಲಿತ ಕ್ರೈಸ್ತರು, ಮುಸ್ಲಿಮರು ಇನ್ನೂ ನಿಂತಾರ. ಈ ಧರ್ಮದ ಷರತ್ತು ತೆಗೀರಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ಮಾಡಿದರು.

"ನಮ್ಮ ಪಾಲು ಕಡಿಮೆ ಆಗ್ತೈತಿ" ಅಂತ ನಮ್ಮವರೇ ಕೆಲವರು ಅಂತಾರ. ಆ ಭಯ ನನಗೂ ಅರ್ಥ ಆಗ್ತೈತಿ. ಜನ ಹೆಚ್ಚಾದ್ರ ಪ್ರಮಾಣ ಹೆಚ್ಚು ಮಾಡ್ರಿ ಅಂತ ಸರ್ಕಾರನ್ನ ಕೇಳೋಣ. ತಿಕೋಟಾದ ದ್ರಾಕ್ಷಿ ತೋಟದಾಗ ಒಂದೇ ಸಾಲಿನಲ್ಲಿ ಕೂಲಿ ಮಾಡೋ ಇಬ್ಬರಲ್ಲಿ ಒಬ್ಬರು ಭಾನುವಾರ ಎಲ್ಲಿಗೆ ಹೋಗ್ತಾರ ಅನ್ನೋದ್ರ ಮೇಲೆ ನಮ್ಮ ಮಂದಿ ಹೌದೋ ಅಲ್ಲೋ ಅಂತ ತೀರ್ಮಾನ ಮಾಡೋದು ಮನುವಿನ ಲೆಕ್ಕ, ಭೀಮನ ಲೆಕ್ಕ ಅಲ್ಲ.

ಆ ಅಕ್ಕಾರಿಗೆ ನಾ ಸುಳ್ಳು ಹೇಳಲಿಲ್ಲ. "ಈಗಿನ ಕಾಯ್ದೆ ಪ್ರಕಾರ ಹೋಗ್ತೈತಕ್ಕಾ" ಅಂದೆ. ಅವರು ಸುಮ್ಮನೆ ಸೆರಗು ಸರಿಮಾಡಿಕೊಂಡು ಹೋದ್ರು. ಏನು ಬರೆಸಿದ್ರೋ ನಾ ಕೇಳಿಲ್ಲ. ಕೇಳೋದು ನನ್ನ ಹಕ್ಕೂ ಅಲ್ಲ. ಆದರೆ ಅವರು ಹೆದರದೆ ಎರಡೂ ಕಾಲಂ ಖರೇ ತುಂಬುವ ದಿನ ತರೋದು ನಮ್ಮ ಚಳವಳಿಯ ಕೆಲಸ.

ಜೈ ಭೀಮ್. ಜೈ ಸಂವಿಧಾನ.