ಚೊಚ್ಚಲ ವರ್ಷದ ವೀರರು: ನಮ್ಮ ಬೀದರ ಸೀಮೆಯ ಒಂದು ಹಳೆಯ ವಾದ

ಕಳೆದ ದಸರೆಯ ಸಮಯದಲ್ಲಿ ಭಾಲ್ಕಿಗೆ ಹೋಗಿದ್ದೆ. ಬಸ್ ನಿಲ್ದಾಣದ ಬಳಿಯ ಚಹಾದ ಅಂಗಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು (ಇಬ್ಬರಿಗೂ ಈಗ ತಲೆ ನರೆತಿದೆ!) ನನ್ನನ್ನು ಕಂಡು ಎದ್ದು ನಿಂತು ನಮಸ್ಕರಿಸಿ, "ಸರ್, ನೀವೇ ತೀರ್ಪು ಕೊಡ್ರಿ" ಎಂದು ಹಿಡಿದು ಕೂರಿಸಿದರು. ಕರ್ನಾಟಕದ ಕ್ರಿಕೆಟಿಗರಲ್ಲಿ, ಕಾಲಿಟ್ಟ ಮೊದಲ ವರ್ಷದಲ್ಲೇ ಎಲ್ಲರನ್ನೂ ಮೀರಿಸಿದವನು ಯಾರು ಎಂಬುದು ಅವರ ವ್ಯಾಜ್ಯ. ಒಬ್ಬನು ಕೆ.ಎಲ್. ರಾಹುಲ್ ಎನ್ನುತ್ತಾನೆ: 2016ರಲ್ಲಿ ಹರಾರೆಯಲ್ಲಿ ಆಡಿದ ಮೊದಲ ಏಕದಿನ ಪಂದ್ಯದಲ್ಲೇ ಔಟಾಗದೆ 100; ಭಾರತದ ಯಾವ ಆಟಗಾರನೂ ಅದಕ್ಕೆ ಮೊದಲು ಅದನ್ನು ಸಾಧಿಸಿರಲಿಲ್ಲ. ಇನ್ನೊಬ್ಬನು ಕರುಣ್ ನಾಯರ್ ಎನ್ನುತ್ತಾನೆ: ಅದೇ ವರ್ಷದ ಡಿಸೆಂಬರಿನಲ್ಲಿ, ಚೆನ್ನೈಯಲ್ಲಿ, ತನ್ನ ಮೂರನೆಯ ಟೆಸ್ಟಿನಲ್ಲಿಯೇ ಔಟಾಗದೆ 303.

"ಮುನ್ನೂರು ಹೊಡೆದವನು ಮುಂದಿನ ಟೆಸ್ಟಿನಲ್ಲಿ ಎಲ್ಲಿದ್ದನಪ್ಪಾ?" ಎಂದು ಕೇಳಿದೆ. ಇಬ್ಬರೂ ನಕ್ಕರು. ತಂಡದ ಹನ್ನೊಂದರಲ್ಲಿ ಅವನಿರಲಿಲ್ಲ. 2017ರ ಮಾರ್ಚಿನ ನಂತರ ಮತ್ತೆ ಟೆಸ್ಟ್ ಆಡಲು ಅವನು 2025ರವರೆಗೆ ಕಾಯಬೇಕಾಯಿತು. ನಾನು ತೀರ್ಪು ಕೊಡದೆ ಚಹಾ ಕುಡಿದು ಹೊರಟೆ. ಆದರೆ ಆ ಪ್ರಶ್ನೆ ಬಸ್ಸಿನಲ್ಲಿ ನನ್ನ ಜೊತೆಗೇ ಬಂದಿತು. ಏಕೆಂದರೆ ಈ ವಾದ ನಮ್ಮ ಸೀಮೆಗೆ ಹೊಸದಲ್ಲ; ನನ್ನ ಆಯುಷ್ಯದಲ್ಲಿ ಒಂದು ಸ್ನೇಹವನ್ನು ಅದು ಹೆಚ್ಚುಕಡಿಮೆ ನುಂಗಿಯೇಬಿಟ್ಟಿತ್ತು.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಅಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ. ನೆಲಕ್ಕೆ ಗಡಿ ಹಾಕುವುದು ಸುಲಭ. ಜನರ ಒಲವಿಗೆ ಯಾರು ಗಡಿ ಹಾಕಬೇಕು? ಬೀದರ ಪಟ್ಟಣದ ಹಿರಿಯರಿಗೆ ಹೈದರಾಬಾದೇ ತವರು. ಅವರ ಮಾತಿನಲ್ಲಿ ಜಯಸಿಂಹ, ಅಬ್ಬಾಸ್ ಅಲಿ ಬೇಗ್. ಔರಾದದ ಕಡೆ ಮರಾಠಿ ಮನೆಮಾತಿನವರು ಬಹಳ. ಅವರಿಗೆ ಮುಂಬಯಿಯೇ ಕ್ರಿಕೆಟ್ಟಿನ ಕಾಶಿ. ನಮ್ಮ ಭಾಲ್ಕಿಯ ಮನೆಯಲ್ಲಿ ಮಾತ್ರ, ಏಕೀಕರಣದ ಹುರುಪು ಇನ್ನೂ ಆರದ ನನ್ನ ಕಾಕಾ ಬೆಂಗಳೂರನ್ನು ಒಮ್ಮೆಯೂ ನೋಡದಿದ್ದರೂ ಮೈಸೂರು ತಂಡದ ಕಟ್ಟಾ ಅಭಿಮಾನಿಯಾಗಿದ್ದರು.

1969ರ ನವೆಂಬರಿನಲ್ಲಿ ಕಾನ್ಪುರದ ಟೆಸ್ಟ್. ನಾನು ಆಗ ಪ್ರಾಥಮಿಕ ಶಾಲೆಯ ಹುಡುಗ. ಕಾಕಾರ ರೇಡಿಯೋದ ಸುತ್ತ ಅರ್ಧ ಓಣಿಯೇ ನೆರೆದಿತ್ತು. ಭದ್ರಾವತಿಯಲ್ಲಿ ಹುಟ್ಟಿದ, ಇಪ್ಪತ್ತರ ಹರೆಯದ ಗುಂಡಪ್ಪ ವಿಶ್ವನಾಥ್ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾದರು. ಕಾಕಾ ಆ ರಾತ್ರಿ ಊಟ ಮಾಡಲಿಲ್ಲವೆಂದು ಕಾಕು ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದರು. ಎರಡನೆಯ ಸರದಿಯಲ್ಲಿ 137! ಎರಡು ವರ್ಷ ಹಿಂದೆ, 1967ರಲ್ಲಿ, ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಆಡಿದ ಮೊತ್ತಮೊದಲ ರಣಜಿ ಪಂದ್ಯದಲ್ಲಿಯೇ ಅವರು 230 ಹೊಡೆದಿದ್ದರೆಂಬುದನ್ನು ಕಾಕಾ ಮರುದಿನ ಎಲ್ಲರಿಗೂ ತಾವೇ ಆಡಿದಂತೆ ವಿವರಿಸಿದರು. ಸೊನ್ನೆಗೆ ಔಟಾಗಿ ಬಂದ ಹುಡುಗನಿಗೆ ಧೈರ್ಯ ಹೇಳಿದವರು ನಾಯಕ ಪಟೌಡಿ ಎಂದು ವಿಶ್ವನಾಥರೇ ಮುಂದೆ ಸ್ಮರಿಸಿಕೊಂಡಿದ್ದಾರೆ. ಆ ಪಟೌಡಿ ರಣಜಿಯಲ್ಲಿ ಆಡುತ್ತಿದ್ದುದು ಹೈದರಾಬಾದಿಗೆ. ಈ ಸಂಗತಿಯನ್ನು ಕಾಕಾ ಎಂದೂ ಹೇಳುತ್ತಿರಲಿಲ್ಲ. ನನಗೆ ಅದನ್ನು ಹೇಳಿದವರು ಬೇರೆ.

1984ರಲ್ಲಿ, ಬಿ.ಎಡ್. ಮುಗಿಸಿ ಔರಾದ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಸೇರಿದೆ. ಅಲ್ಲಿ ಗಣಿತದ ಹಿರಿಯ ಶಿಕ್ಷಕರೊಬ್ಬರಿದ್ದರು, ಬೀದರ ಹಳೆಯ ಪಟ್ಟಣದವರು. ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ನನ್ನನ್ನು "ಮಾಸ್ತರ್ ಸಾಬ್" ಎಂದೇ ಕರೆಯುತ್ತಿದ್ದರು; ನಾನು "ಸಾಹೇಬರೇ" ಎನ್ನುತ್ತಿದ್ದೆ. ಪಟೌಡಿಯ ಸಂಗತಿ ಹೇಳಿದವರು ಅವರೇ. ಆ ವರ್ಷದ ಕೊನೆಯ ದಿನ ಕಲ್ಕತ್ತದಲ್ಲಿ ಇಂಗ್ಲೆಂಡಿನ ವಿರುದ್ಧ ಟೆಸ್ಟ್ ಆರಂಭವಾಯಿತು. ಹೈದರಾಬಾದಿನ ಅಜರುದ್ದೀನ್ ಮೊದಲ ಟೆಸ್ಟಿನಲ್ಲಿ 110, ಮದ್ರಾಸಿನಲ್ಲಿ 48 ಮತ್ತು 105, ಕಾನ್ಪುರದಲ್ಲಿ 122 ಮತ್ತು ಔಟಾಗದೆ 54. ಮೊದಲ ಮೂರು ಟೆಸ್ಟುಗಳಲ್ಲಿ ಮೂರು ಶತಕ! ಇಂದಿಗೂ ಜಗತ್ತಿನಲ್ಲಿ ಬೇರಾರೂ ಅದನ್ನು ಮಾಡಿಲ್ಲ. ಸಾಹೇಬರು ಫೆಬ್ರುವರಿ ತಿಂಗಳಿಡೀ ಹಬ್ಬದ ಬಟ್ಟೆ ತೊಟ್ಟವರಂತೆ ಶಾಲೆಗೆ ಬಂದರು.

ವಾದ ಆರಂಭವಾದದ್ದು ಆಗ. ನಾನು ವಿಶ್ವನಾಥರ ಪಕ್ಷ. ಚಿತ್ರಕಲೆಯ ಶಿಕ್ಷಕರು ಮರಾಠಿಗರು, "ನೀವಿಬ್ಬರೂ ಸುಮ್ಮನಿರಿ, ಗಾವಸ್ಕರ್ ಇರುವಾಗ ಉಳಿದವರ ಮಾತೇಕೆ?" ಎನ್ನುತ್ತಿದ್ದರು. ಸಾಹೇಬರು ಗಣಿತದವರಲ್ಲವೇ, ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಕರಿಹಲಗೆಯ ಮೇಲೆ ಲೆಕ್ಕ ಬರೆದರು. ಗಾವಸ್ಕರ್, 1971, ವೆಸ್ಟ್ ಇಂಡೀಸ್: ನಾಲ್ಕು ಟೆಸ್ಟ್, 774 ರನ್, ಸರಾಸರಿ 154.80. ಅಜರ್: ಮೂರು ಟೆಸ್ಟ್, 439 ರನ್, ಸರಾಸರಿ 109.75. ವಿಶ್ವನಾಥ್, 1969, ಆಸ್ಟ್ರೇಲಿಯಾ: ನಾಲ್ಕು ಟೆಸ್ಟ್, 334 ರನ್, ಸರಾಸರಿ 47.71. ಖಡು ಕೆಳಗಿಟ್ಟು ನನ್ನ ಮುಖ ನೋಡಿದರು. ಮರಾಠಿ ಶಿಕ್ಷಕರು ಚಪ್ಪಾಳೆ ತಟ್ಟಿದರು.

ಲೆಕ್ಕದಲ್ಲಿ ನಾನು ಸೋತೆ. ಆದರೆ ನಾನು ಇತಿಹಾಸದ ಶಿಕ್ಷಕ; ಲೆಕ್ಕಕ್ಕೆ ಸಿಗದ ಒಂದು ಸಂಗತಿಯನ್ನು ಹಿಡಿದುಕೊಂಡೆ. ವಿಶ್ವನಾಥರಿಗೆ ಮೊದಲು ಭಾರತದ ಐವರು ಚೊಚ್ಚಲ ಟೆಸ್ಟಿನಲ್ಲಿ ಶತಕ ಹೊಡೆದಿದ್ದರು. 1933ರಲ್ಲಿ ಲಾಲಾ ಅಮರನಾಥ್, 1952ರಲ್ಲಿ ದೀಪಕ್ ಶೋಧನ್, 1955ರಲ್ಲಿ ಕೃಪಾಲ್ ಸಿಂಗ್ (ಅದೂ ಹೈದರಾಬಾದಿನಲ್ಲಿಯೇ, ನಾವಿನ್ನೂ ಆ ರಾಜ್ಯದ ಪ್ರಜೆಗಳಾಗಿದ್ದಾಗ), 1959ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿ ಅಬ್ಬಾಸ್ ಅಲಿ ಬೇಗ್, 1964ರಲ್ಲಿ ಹನುಮಂತ ಸಿಂಗ್. ಈ ಐವರಲ್ಲಿ ಒಬ್ಬರಿಗೂ ಎರಡನೆಯ ಟೆಸ್ಟ್ ಶತಕ ದಕ್ಕಲಿಲ್ಲ. ಶೋಧನ್ ಆಡಿದ್ದು ಮೂರೇ ಟೆಸ್ಟ್. ಮೊದಲ ದಿನದ ಶತಕ ಶಾಪವೆಂದೇ ಜನ ನಂಬಿದ್ದರು. 1973ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ 113 ಹೊಡೆದು ಆ ಶಾಪವನ್ನು ಕಳೆದವರು ವಿಶ್ವನಾಥ್. ಒಟ್ಟು 14 ಶತಕ. "ಹಾಗಾದರೆ ನೀವು ಮೊದಲ ವರ್ಷವನ್ನು ಅಳೆಯುತ್ತಿಲ್ಲ ಮಾಸ್ತರ್ ಸಾಬ್, ಹತ್ತು ವರ್ಷವನ್ನು ಅಳೆಯುತ್ತಿದ್ದೀರಿ" ಎಂದರು ಸಾಹೇಬರು. ನ್ಯಾಯವಾದ ಮಾತು. ಶಿಕ್ಷಕರಾದ ನಮಗೆಲ್ಲ ಈ ದೌರ್ಬಲ್ಯವಿದೆ. ಎಂಟನೆಯ ತರಗತಿಯಲ್ಲಿ ಮಿಂಚಿದ ಹುಡುಗನನ್ನು ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆಯೇ ಜಾಣನೆನ್ನುತ್ತೇವೆ.

ಪ್ರಸನ್ನರ ವಿಷಯದಲ್ಲಿ ಮಾತ್ರ ಮೂವರಿಗೂ ಒಮ್ಮತವಿತ್ತು. 1962ರ ಜನವರಿಯಲ್ಲಿ ಮೊದಲ ಟೆಸ್ಟ್ ಆಡಿ, ವೆಸ್ಟ್ ಇಂಡೀಸಿಗೆ ಹೋಗಿಬಂದು, ಇಂಜಿನಿಯರಿಂಗ್ ಓದಿಗಾಗಿ ಟೆಸ್ಟ್ ಕ್ರಿಕೆಟ್ಟನ್ನೇ ಬಿಟ್ಟು, 1967ರಲ್ಲಿ ಮರಳಿದವರು ಅವರು. ತರಗತಿಯಲ್ಲಿ ಅವರ ಉದಾಹರಣೆಯನ್ನು ನಾನೆಷ್ಟು ಸಲ ಕೊಟ್ಟಿದ್ದೇನೆಂದು ನಿಮಗೆ ನೆನಪಿರಬಹುದು.

ವಾದ ಹದಿನಾರು ವರ್ಷ ನಡೆಯಿತು. ನಾವು ಬೇರೆ ಬೇರೆ ಶಾಲೆಗಳಿಗೆ ವರ್ಗವಾದರೂ ಭೇಟಿಯಾದಾಗಲೆಲ್ಲ ಮುಂದುವರಿಯಿತು. 2000ದ ಡಿಸೆಂಬರಿನಲ್ಲಿ ಕ್ರಿಕೆಟ್ ಮಂಡಳಿ ಅಜರುದ್ದೀನರಿಗೆ ಆಜೀವ ನಿಷೇಧ ಹಾಕಿತು. ಅದಾದ ಕೆಲವೇ ದಿನಗಳಲ್ಲಿ ಬೀದರದ ಒಂದು ಮದುವೆಯಲ್ಲಿ ಸಾಹೇಬರು ಸಿಕ್ಕರು. ಹತ್ತು ಜನರ ನಡುವೆ ನಾನು, "ಸಾಹೇಬರೇ, ಈಗ ಕರಿಹಲಗೆ ಒರೆಸಿಬಿಡೋಣವೇ?" ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ತಟ್ಟೆಯನ್ನು ಕೆಳಗಿಟ್ಟು, "ನೀವು ಹೇಳಿದ್ದು ಆಟದ ಮಾತಲ್ಲ ಮಾಸ್ತರ್ ಸಾಬ್" ಎಂದು ಹೊರಟುಹೋದರು. ಮನೆಗೆ ಬಂದ ಮೇಲೆ ನನಗೆ ಅರ್ಥವಾಯಿತು. ಹದಿನಾರು ವರ್ಷ ಅವರು ಒಬ್ಬ ಆಟಗಾರನ ಪರವಾಗಿ ಮಾತ್ರ ಮಾತಾಡಿರಲಿಲ್ಲ. ಕಳೆದುಹೋದ ತಮ್ಮ ರಾಜಧಾನಿಯ ಪರವಾಗಿಯೂ ಮಾತಾಡಿದ್ದರು. ನಾನು ಜನರೆದುರು ಅದನ್ನೇ ಹಂಗಿಸಿದ್ದೆ. ಕ್ಷಮೆ ಕೇಳಲು ಹೋಗಬೇಕೆಂದುಕೊಂಡೆ. ಈ ವಾರ, ಮುಂದಿನ ವಾರ ಎನ್ನುತ್ತ ಹನ್ನೆರಡು ವರ್ಷ ಹೋಯಿತು.

2012ರ ನವೆಂಬರಿನಲ್ಲಿ, ಆ ನಿಷೇಧ ಕಾನೂನುಬದ್ಧವಲ್ಲವೆಂದು ಆಂಧ್ರಪ್ರದೇಶ ಹೈಕೋರ್ಟ್ ತೀರ್ಪಿತ್ತಿತು. ಆ ಪತ್ರಿಕೆಯನ್ನು ಹಿಡಿದು ಚೌಬಾರದ ಬಳಿಯ ಅವರ ಮನೆಗೆ ಹೋದೆ. ದೃಷ್ಟಿ ಮಂದವಾಗಿತ್ತು, ಮೊಮ್ಮಗಳು ಓದಿ ಹೇಳಿದಳು. ಸಾಹೇಬರು ಬಹಳ ಹೊತ್ತು ಸುಮ್ಮನಿದ್ದರು. ಚಹಾ ಬಂತು. ಆಮೇಲೆ ನನ್ನತ್ತ ತಿರುಗಿ, "ಮಾಸ್ತರ್ ಸಾಬ್, ಅಜರ್ ಕೊನೆಯ ಟೆಸ್ಟ್ ಎಲ್ಲಿ ಆಡಿದ?" ಎಂದು ಕೇಳಿದರು.

"ಬೆಂಗಳೂರಿನಲ್ಲಿ. 2000ದ ಮಾರ್ಚ್. ದಕ್ಷಿಣ ಆಫ್ರಿಕದ ವಿರುದ್ಧ."

"ಎಷ್ಟು ಹೊಡೆದ?"

"ಎರಡನೆಯ ಸರದಿಯಲ್ಲಿ 102."

"ಮೊದಲ ಟೆಸ್ಟಿನಲ್ಲೂ ಶತಕ, ಕೊನೆಯದರಲ್ಲೂ ಶತಕ. ಕೊನೆಯದು ನಿಮ್ಮ ಬೆಂಗಳೂರಿನಲ್ಲಿ. ಬರೆದುಕೊಳ್ಳಿ" ಎಂದರು. ಮೊಮ್ಮಗಳು ನಿಜವಾಗಿಯೂ ಒಂದು ನೋಟುಬುಕ್ಕು ತಂದಳು.

ಭಾಲ್ಕಿಯ ನನ್ನ ಶಿಷ್ಯರಿಬ್ಬರೂ ಇದನ್ನು ಓದುತ್ತೀರಿ ಎಂದು ಬಲ್ಲೆ. ನನ್ನ ಮತ ಇಂದಿಗೂ ವಿಶ್ವನಾಥರಿಗೇ. ಸೊನ್ನೆಯ ಮರುದಿನಗಳ ಆ 137ಕ್ಕೆ. ನೀವು ಒಪ್ಪದಿದ್ದರೆ ಮುಂದಿನ ಸಲ ಬಂದಾಗ ಚಹಾ ನನ್ನದು, ಕರಿಹಲಗೆ ನೀವು ತನ್ನಿರಿ.