ನಾನು ನೋಡದ ಸಂಗ್ಯಾ ಬಾಳ್ಯಾ

ಹೋದ ದೀಪಾವಳಿಗೆ ನನ್ನ ತಮ್ಮನ ಮಗ ಪುಣೆಯಿಂದ ಮನೋಳಿಗೆ ಬಂದಾಗ ಅವನ ಮೈಮೇಲೆ ಒಂದು ಕರಿ ಅಂಗಿ ಇತ್ತು. ಪಾಡ್ಯದ ದಿನವೂ ಅದೇ ಅಂಗಿ. ಹಬ್ಬದಲ್ಲಿ ಕರಿದು ಹಾಕಿಕೊಂಡು ಓಡಾಡುತ್ತಾನಲ್ಲ ಎಂದು ನನಗೆ ಸಿಟ್ಟು. ಎದೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಅದರ ಸುತ್ತ ಇಂಗ್ಲಿಷಿನಲ್ಲಿ ನಾಲ್ಕು ಹೆಸರು.

"ಯಾರಪಾ ಇವರು?" ಎಂದು ಕೇಳಿದೆ.

"ರಾಮೋನ್ಸ್ ಅಂತ, ಅತ್ತಿ. ನ್ಯೂಯಾರ್ಕಿನ ಹಾಡುಗಾರರು."

"ಈಗ ಎಲ್ಲಿ ಹಾಡತಾರ?"

"ಎಲ್ಲಿ ಹಾಡತಾರ? ನಾಲ್ಕೂ ಮಂದಿ ತೀರಿಕೊಂಡಾರ."

ಸತ್ತವರ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ತಿರುಗುವ ಹುಡುಗನನ್ನು ಏನೆನ್ನಬೇಕು? ಆದರೆ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವಳಿಗೆ ಪ್ರಶ್ನೆ ಕೇಳುವ ಚಟ ಬಿಡುವುದಿಲ್ಲ. ಕೂರಿಸಿಕೊಂಡು ಕೇಳಿದೆ. ಅವನೂ ಉತ್ಸಾಹದಿಂದ ಹೇಳಿದ. ಆ ನಾಲ್ವರು 1974ರಲ್ಲಿ ಕೂಡಿಕೊಂಡವರಂತೆ. ಅಣ್ಣತಮ್ಮಂದಿರಲ್ಲ, ಆದರೂ ಎಲ್ಲರೂ ಒಂದೇ ಅಡ್ಡಹೆಸರು ಇಟ್ಟುಕೊಂಡರು. 1996ರಲ್ಲಿ ಕಡೆಯ ಕಚೇರಿ. 2001ರಿಂದ 2014ರೊಳಗೆ ಒಬ್ಬರ ಹಿಂದೊಬ್ಬರು ಹೋದರು. ಇವನು ಹುಟ್ಟುವುದರೊಳಗೆ ಅವರ ಹಾಡು ಮುಗಿದಿತ್ತು!

ಫೋನಿನಲ್ಲಿ ಒಂದು ಹಾಡು ಹಚ್ಚಿದ. ನನಗೆ ಅದು ಗಿರಣಿಯ ಪಟ್ಟೆ ಹರಿದ ಹಾಗೆ ಕೇಳಿಸಿತು. ಕಿವಿ ಹೊಂದಿಸಿಕೊಳ್ಳುವುದರೊಳಗೆ ಮುಗಿದೇಹೋಯಿತು. ಎರಡೇ ನಿಮಿಷ. "ಇದಕ್ಕ ಪಂಕ್ ರಾಕ್ ಅಂತಾರ, ಅತ್ತಿ. ಗಿಟಾರಿನ ಮ್ಯಾಲೆ ಮೂರು ಪಟ್ಟು ಹಿಡಿಲಿಕ್ಕೆ ಬಂದರ ಸಾಕು, ಯಾರು ಬೇಕಾದರೂ ಹಾಡಬಹುದು" ಎಂದ. ಲಂಡನ್ನಿನ ಸೆಕ್ಸ್ ಪಿಸ್ತೂಲ್ಸ್ ಎಂಬ ಇನ್ನೊಂದು ಮೇಳದ ಕಥೆಯನ್ನೂ ಹೇಳಿದ. (ಆ ಹೆಸರನ್ನು ಅವನು ಅವ್ವನ ಎದುರಿಗೆ ಮೆಲ್ಲಗೆ ಹೇಳಿದ.) 1976ರ ಜೂನಿನಲ್ಲಿ ಅವರು ಮ್ಯಾಂಚೆಸ್ಟರಿನಲ್ಲಿ ಹಾಡಿದಾಗ ಕೇಳಲು ನೂರು ಮಂದಿಯೂ ಇರಲಿಲ್ಲ. ಆದರೆ ಬಂದವರಲ್ಲಿ ಹಲವರು ಮನೆಗೆ ಹೋಗಿ ತಮ್ಮದೇ ಮೇಳ ಕಟ್ಟಿದರು. ಅದೇ ವರ್ಷ ಡಿಸೆಂಬರಿನಲ್ಲಿ ಈ ಮೇಳ ಊರೂರು ತಿರುಗಲು ಹೊರಟಾಗ ಊರ ಹಿರಿಯರು ಆಟಗಳನ್ನು ಒಂದೊಂದಾಗಿ ರದ್ದು ಮಾಡಿಸಿದರು. 1977ರಲ್ಲಿ ರಾಣಿಯನ್ನು ಹೀಯಾಳಿಸಿದ ಹಾಡನ್ನು ಬಿ.ಬಿ.ಸಿ. ಬಿತ್ತರಿಸಲಿಲ್ಲ. 1978ರ ಜನವರಿಯಲ್ಲಿ ಮೇಳವೇ ಒಡೆಯಿತು. ಬಟ್ಟೆ ಹರಿದುಕೊಂಡು ಅದಕ್ಕೆ ಪಿನ್ನು ಚುಚ್ಚಿಕೊಳ್ಳುವುದು ಅವರ ವೇಷವಾಗಿತ್ತಂತೆ.

ಅವ್ವ ಪಡಸಾಲೆಯ ಕಂಬಕ್ಕೆ ಆತು ಕುಳಿತು ಅಕ್ಕಿ ಆರಿಸುತ್ತಿದ್ದಳು. ಎಂಬತ್ತು ದಾಟಿದರೂ ಕಿವಿ ಚುರುಕು. ಮರ ಕೆಳಗಿಟ್ಟು, "ಅಂದರ ನಮ್ಮ ಸಂಗ್ಯಾ ಬಾಳ್ಯಾ ಇದ್ದಂಗ ಅನ್ನು" ಎಂದಳು.

ಹುಡುಗ ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ. ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ, ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ.

ಈ ಭಾಗದವರಿಗೆ ಸಂಗ್ಯಾ ಬಾಳ್ಯಾದ ಪರಿಚಯ ಹೇಳಬೇಕಿಲ್ಲ. ಬೇರೆ ಸೀಮೆಯ ಓದುಗರಿಗಾಗಿ ನಾಲ್ಕು ಮಾತು. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಒಂದು ಕೊಲೆಯ ಕಥೆ ಇದು. ಸಂಗ್ಯಾ ಉಳ್ಳವರ ಮನೆಯ ಹುಡುಗ, ಬಾಳ್ಯಾ ಅವನ ಜೀವದ ಗೆಳೆಯ. ವ್ಯಾಪಾರಿ ಈರ್ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಕಣ್ಣು ಬೀಳುತ್ತದೆ. ನಡುವೆ ಒಬ್ಬ ಮುದುಕಿಯನ್ನು ಬಿಡುತ್ತಾರೆ. ಈರ್ಯಾ ವ್ಯಾಪಾರಕ್ಕೆ ಪರಊರಿಗೆ ಹೋದಾಗ ಆಗಬಾರದ್ದು ಆಗುತ್ತದೆ. ಕಡೆಗೆ ಬಾಳ್ಯಾನೇ ಗೆಳೆಯನನ್ನು ಹಿಡಿದುಕೊಡುತ್ತಾನೆ, ಈರ್ಯಾ ಮತ್ತು ಅವನ ತಮ್ಮಂದಿರು ಸಂಗ್ಯಾನನ್ನು ಕೊಲ್ಲುತ್ತಾರೆ. ಬೈಲಹೊಂಗಲ ತಾಲೂಕಿನ ಬೈಲವಾಡದ ಪತ್ತಾರ ಮಾಸ್ತರರು ಇದನ್ನು ಆಟವಾಗಿ ಕಟ್ಟಿದರೆಂದು ಬಲ್ಲವರು ಹೇಳುತ್ತಾರೆ. ನಡೆದ ಊರೂ ನಮ್ಮದೇ, ಕಟ್ಟಿದವರೂ ನಮ್ಮವರೇ, ಬೇಡವೆಂದವರೂ ನಮ್ಮವರೇ.

ಬೇಡವೆನ್ನಲು ಕಾರಣಗಳಿದ್ದವು. ನಮ್ಮಲ್ಲಿ ದೊಡ್ಡಾಟ, ಸಣ್ಣಾಟ ಎಂದು ಎರಡು ಬಗೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ರಾಕ್ಷಸರು, ದೇವರು. ವೇಷ ಕಟ್ಟಲಿಕ್ಕೇ ಅರ್ಧ ರಾತ್ರಿ ಬೇಕು, ಕುಣಿತ ಕಲಿಯಲಿಕ್ಕೆ ತಿಂಗಳುಗಟ್ಟಲೆ ತಾಲೀಮು. ಸಣ್ಣಾಟಕ್ಕೆ ಇದ್ಯಾವುದೂ ಬೇಡ. ಉಟ್ಟ ಧೋತರ, ಸುತ್ತಿದ ಪಟಕಾ, ಒಂದು ಡಪ್ಪು, ತಾಳ, ಸಿಕ್ಕರೆ ಹಾರ್ಮೋನಿಯಂ. ಪಾತ್ರಧಾರಿ ಒಂದು ಸಾಲು ಎತ್ತಿಕೊಟ್ಟರೆ ಹಿಂದೆ ನಿಂತ ಹಿಮ್ಮೇಳದವರು ಅದನ್ನು ಹಿಡಿದು ಎಳೆಯುತ್ತಾರೆ. ನಯನಾಜೂಕಿನ ಗಾಯನವಲ್ಲ, ಗಂಟಲು ಹರಿಯುವ ಹಾಗೆ ಏರುದನಿ. ಹಗಲು ಹೊಲದಲ್ಲಿ ಗಳೆ ಹೊಡೆದವನು ರಾತ್ರಿ ಸಂಗ್ಯಾ ಆಗಬಹುದಿತ್ತು. ಮಾತು ಮನೆಯಲ್ಲಿ ಆಡುವ ಮಾತೇ, ಬೈಗುಳ ಸಹಿತ. ಹೆಸರುಗಳನ್ನೇ ನೋಡಿ: ಸಂಗಪ್ಪನಲ್ಲ ಸಂಗ್ಯಾ, ಬಾಳಪ್ಪನಲ್ಲ ಬಾಳ್ಯಾ, ಈರಪ್ಪನಲ್ಲ ಈರ್ಯಾ. ಓಣಿಯಲ್ಲಿ ಕೂಗಿ ಕರೆಯುವ ಹೆಸರು ಹೊತ್ತವರು ಹೀಗೆ ರಂಗದ ನಡುವೆ ಬಂದು ನಿಂತದ್ದೇ ದೊಡ್ಡವರಿಗೆ ಮುಜುಗರವಾಗಿರಬೇಕು. ಅದರ ಮೇಲೆ ಹಾದರದ ಕಥೆ. ಗರತಿಯರು ನೋಡಬಾರದ ಆಟ ಎಂಬ ಹೆಸರು ಅಂಟಿಕೊಂಡಿತು.

ಹಾಡಿನಲ್ಲಿಯೂ ಹೀಗೆ ಪಂಕ್ತಿಭೇದ ಇತ್ತೆಂಬುದನ್ನು ನಾನು ದೊಡ್ಡವಳಾದ ಮೇಲೆ ಓದಿ ತಿಳಿದೆ. ಹಲಸಂಗಿಯ ಗೆಳೆಯರು 1931ರಲ್ಲಿಯೇ 'ಗರತಿಯ ಹಾಡು' ಸಂಗ್ರಹಿಸಿ ಅಚ್ಚು ಹಾಕಿಸಿದರು, ಪಂಡಿತರೂ ತಲೆದೂಗಿದರು. ಗಂಗಿಯ ಹಾಡು ಗರತಿಯದಲ್ಲವಲ್ಲ, ಅದು ಇನ್ನಷ್ಟು ವರ್ಷ ಕಾಯಬೇಕಾಯಿತು. 1960ರ ದಶಕದಲ್ಲಿ ಚಂದ್ರಶೇಖರ ಕಂಬಾರರು ಸಂಗ್ಯಾ ಬಾಳ್ಯಾವನ್ನು ಸಂಪಾದಿಸಿ ಪುಸ್ತಕ ಮಾಡಿದ ಮೇಲೆ ಶಹರದ ರಂಗಭೂಮಿಯವರು ಅದನ್ನು ಕೈಗೆತ್ತಿಕೊಂಡರು, ಮುಂದೆ ಸಿನಿಮಾ ಕೂಡ ಆಯಿತು. ಬೆಂಗಳೂರಿನಲ್ಲಿ ತಿಕೀಟು ತೆಗೆದು ನೋಡುವ ಹೆಣ್ಣುಮಕ್ಕಳಿಗೆ ಅದು ಜಾನಪದ. ನಮ್ಮಲ್ಲಿ ಮಾತ್ರ ಬಾಗಿಲು ಮುಚ್ಚಿಯೇ ಇತ್ತು.

ನನ್ನ ಅಪ್ಪನಿಗೆ ಸಂಗೀತದ ಹುಚ್ಚು ಇರಲಿಲ್ಲವೆಂದಲ್ಲ. ನಮ್ಮದೇ ತಾಲೂಕಿನ ಏಣಗಿ ಬಾಳಪ್ಪನವರು ಅವನ ದೇವರು. ಕಂಪನಿ ನಾಟಕದಲ್ಲಿ ಅವರ ಬಸವಣ್ಣನ ಪಾತ್ರ ನೋಡಿ ಮೈಮರೆತದ್ದನ್ನು ಹೇಳುವಾಗ ಅಪ್ಪನ ಧ್ವನಿ ಒದ್ದೆಯಾಗುತ್ತಿತ್ತು. 1914ರಲ್ಲಿ ಹುಟ್ಟಿದ ಬಾಳಪ್ಪನವರು ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಮುರಗೋಡದ ಬಾಳಪ್ಪ ಹುಕ್ಕೇರಿಯವರು ರೇಡಿಯೋದಲ್ಲಿ ಹಾಡಿದರೆ ಅಪ್ಪ ಊಟ ಬಿಟ್ಟು ಕೇಳುತ್ತಿದ್ದ. ಈ ಇಬ್ಬರು ಬಾಳಪ್ಪರ ಮೇಲಿನ ಅಭಿಮಾನಕ್ಕೆ ಎಲ್ಲರ ಒಪ್ಪಿಗೆ ಇತ್ತು. ಬಾಳ್ಯಾನ ಅಭಿಮಾನಕ್ಕೆ ಇರಲಿಲ್ಲ, ಅಷ್ಟೆ. ಹಾಗೆಂದು ಸಣ್ಣಾಟ ನಡೆದಾಗ ಅಪ್ಪ ಮನೆಯಲ್ಲಿ ಕುಳಿತಿರಲಿಲ್ಲ. ಊರ ಹಿರಿಯನಾದ್ದರಿಂದ ಮುಂದಿನ ಸಾಲಿನಲ್ಲಿ ಅವನ ಖುರ್ಚಿ.

1979ರ ಸುಗ್ಗಿ ಮುಗಿದ ಮೇಲೆ ನಡೆದ ಆಟ ಅದು. ನನಗೆ ಒಂಬತ್ತು ವರ್ಷ. ಅವ್ವನ ತಂಗಿ, ನನ್ನ ಚಿಗವ್ವ, ಸಾಲಿಗಾಗಿ ನಮ್ಮ ಮನೆಯಲ್ಲಿದ್ದಳು. ಏಳನೇ ಇಯತ್ತೆ. ಓದಿನಲ್ಲಿ ನನಗಿಂತ ಎಷ್ಟೋ ಪಾಲು ಮುಂದೆ, ಲೆಕ್ಕವನ್ನು ಬಾಯಲ್ಲೇ ಬಿಡಿಸುವವಳು. ಗಂಡಸರು ಆಟಕ್ಕೆ ಹೋದ ಮೇಲೆ ಹೆಂಗಸರು ನಮ್ಮ ಮಾಳಿಗೆ ಹತ್ತಿದರು. ಅಗಸಿಯ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಡಪ್ಪಿನ ಸಪ್ಪಳ, ಹಿಮ್ಮೇಳದ ದನಿ. ಗಾಳಿ ನಿಂತರೆ ಹಾಡೂ ನಿಲ್ಲುತ್ತಿತ್ತು. ನಾನು ಅವ್ವನ ತೊಡೆಯ ಮೇಲೆ ನಿದ್ದೆಹೋದೆ. ಚಿಗವ್ವ ಯಾವಾಗ ಇಳಿದು ಹೋದಳೋ ಯಾರೂ ನೋಡಲಿಲ್ಲ.

ಮುಂದಿನದು ನಾನು ಕೇಳಿದ್ದು. ಅವಳು ನಮ್ಮ ಕಾಕಾನ ಧೋತರ ಉಟ್ಟು, ಪಟಕಾ ಸುತ್ತಿ, ಕಂಬಳಿ ಹೊದ್ದು ಹುಡುಗರ ನಡುವೆ ಹೋಗಿ ಕುಳಿತಿದ್ದಳು. ಯಾರಿಗೂ ಗುರುತು ಹತ್ತಲಿಲ್ಲ. ಆಗಿನ ಪದ್ಧತಿಯಂತೆ ಆಟದ ನಡುವೆ ಮೆಚ್ಚಿದವರು ಎದ್ದು ಹೋಗಿ ಪಾತ್ರಧಾರಿಯ ಎದೆಗೆ ಪಿನ್ನಿನಿಂದ ನೋಟು ಚುಚ್ಚಿ ಆಯೇರಿ ಮಾಡುತ್ತಿದ್ದರು. ಗಂಗಿಯ ಪಾತ್ರ ಮಾಡಿದವನು, ಗಂಡಸೇ, ಒಂದು ಹಾಡು ಮುಗಿಸಿದಾಗ ಚಿಗವ್ವ ಎದ್ದಳು. ಎರಡು ರೂಪಾಯಿಯ ನೋಟು, ಒಂದು ಪಿನ್ನು. ಕೈ ಎತ್ತಿದಾಗ ಕಂಬಳಿ ಜಾರಿತು. ಗ್ಯಾಸಬತ್ತಿಯ ಬೆಳಕಿನಲ್ಲಿ ಮೊಣಕೈತನಕ ಹಸಿರು ಬಳೆ.

ಮುಂದಿನ ಸಾಲಿನಲ್ಲಿ ಅಪ್ಪ.

ಬೆಳಗಿನ ಮೊದಲ ಬಸ್ಸಿಗೆ ಅವಳನ್ನು ಅವಳ ಊರಿಗೆ ಕಳಿಸಿದರು. ಪಾಟೀಚೀಲ ನಮ್ಮ ಮನೆಯ ಗೂಟಕ್ಕೆ ಹಾಗೆಯೇ ತೂಗುತ್ತಿತ್ತು. ಮುಂದಿನ ವರ್ಷ ರಾಮದುರ್ಗದ ಕಡೆಗೆ ಕೊಟ್ಟು ಮದುವೆ ಮಾಡಿದರು. ನಾನು ಬಿ.ಎ., ಬಿ.ಎಡ್. ಮಾಡಿದೆ. ಅವಳು ಏಳನೇ ಇಯತ್ತೆ ಮುಗಿಸಲಿಲ್ಲ.

ಆದರೆ ಅವ್ವ? ಅವಳು ಕೂಡ ಅಷ್ಟೂ ಹಾಡುಗಳನ್ನು ಎದೆಯಲ್ಲಿಟ್ಟುಕೊಂಡಿದ್ದಾಳೆಂದು ನನಗೆ ಈ ದೀಪಾವಳಿಗೇ ಗೊತ್ತಾದದ್ದು. ಮೊಮ್ಮಗ ಒತ್ತಾಯಿಸಿದಾಗ ಹಲ್ಲಿಲ್ಲದ ಬಾಯಲ್ಲಿ ಗಂಗಿಯ ಹಾಡು ಹೇಳಿದಳು. ಮಾಳಿಗೆಯ ಮೇಲೆ ಕೇಳಿದ್ದು, ಕುಂಟೆಬಿಲ್ಲೆಯ ಹಾಗೆ ನಡುನಡುವೆ ಹಾರಿಹೋಗಿತ್ತು. ಆವತ್ತು ಗಾಳಿ ನಿಂತಲ್ಲೆಲ್ಲ ಹಾಡೂ ನಿಂತಿತ್ತಲ್ಲ. ಹುಡುಗ ಫೋನಿನಲ್ಲಿ ಹಿಡಿದುಕೊಂಡ. ಹಾಡಿದ ಮೇಲೆ ಅವ್ವ ಒಂದು ಮಾತು ಹೇಳಿದಳು: "ಗಂಗಿ ಮೊದಲ ಒಲ್ಲೆ ಅಂದಾಳ. ಎಷ್ಟ ಸಲ ಅಂದಾಳ. ಗಂಡಸರು ಅದನ್ನ ಕೇಳೂದಿಲ್ಲ, ಕಡೀಕ ಹೂಂ ಅಂದದ್ದಷ್ಟ ಕೇಳತಾರ." ನಾನು ಈ ಕಥೆಯ ಮೇಲೆ ಬರೆದ ಲೇಖನಗಳನ್ನು ಓದಿದವಳು. ಈ ಮಾತು ನನಗೆ ಹೊಳೆದಿರಲಿಲ್ಲ.

ನನ್ನ ತಪ್ಪೊಂದನ್ನೂ ಇಲ್ಲಿ ಬರೆಯಬೇಕು. ಕೆಲವು ವರ್ಷಗಳ ಹಿಂದೆ ಸಾಲೆಯ ಸ್ನೇಹಸಮ್ಮೇಳನಕ್ಕೆ ಹತ್ತನೇ ಇಯತ್ತೆಯ ಹುಡುಗರು ಸಂಗ್ಯಾ ಮತ್ತು ಬಾಳ್ಯಾರ ಗೆಳೆತನದ ಒಂದು ಪ್ರವೇಶ ಮಾಡುತ್ತೇವೆಂದು ಬಂದಿದ್ದರು. ಡಪ್ಪು ಬಾರಿಸಲು ಒಬ್ಬ ಹುಡುಗಿ ತಯಾರಾಗಿದ್ದಳು. ನಾನು ಪಠ್ಯವನ್ನೂ ನೋಡದೆ ಬೇಡವೆಂದೆ, ಸಮೂಹಗಾನ ಹಾಡಿರಿ ಎಂದೆ. ಹಾಡಿದರು. ಯಾರಿಗೂ ಒಂದು ಸಾಲೂ ನೆನಪಿಲ್ಲ. ಅಪ್ಪನ ಖುರ್ಚಿಯಲ್ಲಿ ನಾನೇ ಕುಳಿತಿದ್ದೆ.

ರಾಮೋನ್ಸರ ಹಾಡುಗಳ ತಟ್ಟೆಗಳಿವೆ, ಚಿತ್ರಗಳಿವೆ, ಅಂಗಿಗಳಿವೆ. ಪುಣೆಯ ಹುಡುಗ ಬೇಕೆಂದಾಗ ಕೇಳುತ್ತಾನೆ. 1979ರ ನಮ್ಮೂರ ಆಟದ ಒಂದು ಚೂರು ದನಿಯೂ ಎಲ್ಲಿಯೂ ಇಲ್ಲ. ಧಾರವಾಡ ಆಕಾಶವಾಣಿಯವರು ಬಂದು ಹಿಡಿದುಕೊಂಡು ಹೋದದ್ದಲ್ಲ ಅದು. ಆಡಿದವರು ಸುಗ್ಗಿ ಮುಗಿಸಿ ಬಂದವರು, ಮರುದಿನ ತಮ್ಮತಮ್ಮ ಊರಿಗೆ ಹೋದರು. ಇದ್ದರೂ ಈಗ ಅವರಿಗೆ ಎಂಬತ್ತೋ ತೊಂಬತ್ತೋ.

ಹಬ್ಬ ಮುಗಿದ ಮೇಲೆ ಹುಡುಗನನ್ನು ಕರೆದುಕೊಂಡು ಚಿಗವ್ವನ ಊರಿಗೆ ಹೋದೆ. ಅವಳಿಗೀಗ ಅರವತ್ತು ದಾಟಿದೆ. ಮೊಮ್ಮಕ್ಕಳ ಲೆಕ್ಕ ಈಗಲೂ ಬಾಯಲ್ಲೇ ಬಿಡಿಸುತ್ತಾಳೆ. ಅವ್ವನ ಹಾಡನ್ನು ಫೋನಿನಲ್ಲಿ ಕೇಳಿಸಿದೆವು. ಕಣ್ಣು ಮುಚ್ಚಿ ಕೇಳಿದಳು. ಅವ್ವ ಮರೆತು ಹಾರಿಸಿದಲ್ಲೆಲ್ಲ ತಾನು ಸೇರಿಸಿ ಹಾಡಿದಳು, ಒಂದು ಶಬ್ದವೂ ತಪ್ಪದ ಹಾಗೆ. ಗಂಡನ ಮನೆಯ ನಡುಮನೆಯಲ್ಲಿ, ಏರುದನಿಯಲ್ಲಿ. ಸೊಸೆ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು.

ಅಪ್ಪನ ಪರವಾಗಿ ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋಗಿದ್ದೆ. ಸಾಲೆ ಬಿಟ್ಟದ್ದರ ಮಾತು ತೆಗೆದೆ. ಅವಳು ಕೈಯಾಡಿಸಿ ನಿಲ್ಲಿಸಿದಳು.

"ಅದ ಇರಲಿ ಬಿಡವಾ. ಆವತ್ತ ಗಂಗಿ ಆಗಿದ್ದಂವ ಯಾ ಊರಾಂವ ಅಂತ ಗೊತ್ತಾತೇನ ನಿನಗ?"