ಮಸಿಯಿಲ್ಲದ ಅಚ್ಚು: ಸೋಮನಾಥ ಹೋರ್ ಅವರ ‘ಗಾಯಗಳು’

ಎದುರಿನಿಂದ ಬೆಳಕು ಚೆಲ್ಲಿ ಫೋಟೊ ತೆಗೆದರೆ ಸೋಮನಾಥ ಹೋರ್ ಅವರ ‘ಗಾಯಗಳು’ ಸರಣಿಯ ಅಚ್ಚುಗಳು ಹೆಚ್ಚುಕಡಿಮೆ ಖಾಲಿ ಹಾಳೆಗಳಂತೆ ಕಾಣುತ್ತವೆ. ದೀಪವನ್ನು ಪಕ್ಕಕ್ಕೆ ಸರಿಸಿದಾಗಲೇ ಕಾಗದದ ಮೈಮೇಲಿನ ಸೀಳು, ಕುಳಿ, ಉಬ್ಬಿದ ಅಂಚು ನೆರಳು ಕಟ್ಟಿಕೊಂಡು ಮೇಲೇಳುತ್ತವೆ. ನೆರಳಿಲ್ಲದೆ ಕಾಣದ ಇವನ್ನು ಚಿತ್ರವೆನ್ನಬೇಕೋ, ಶಿಲ್ಪವೆನ್ನಬೇಕೋ? ಹೋರ್ ಕಂಚಿನ ಶಿಲ್ಪಕ್ಕೆ ತೊಡಗಿದ್ದು 1974ರಲ್ಲಿ ಎಂಬುದು ರೂಢಿಯ ಮಾತು. ಅವರೊಳಗಿನ ಶಿಲ್ಪಿ ಅದಕ್ಕೂ ಮೊದಲೇ, ಈ ಬಿಳಿ ಅಚ್ಚುಗಳಲ್ಲಿಯೇ ಕೆಲಸ ಆರಂಭಿಸಿದ್ದ ಎಂಬುದು ನನ್ನ ವಾದ.

ಹೋರ್ ಹುಟ್ಟಿದ್ದು 1921ರಲ್ಲಿ, ಚಿತ್ತಗಾಂಗ್ ಸೀಮೆಯಲ್ಲಿ. 1943ರ ಬಂಗಾಳದ ಕ್ಷಾಮದಲ್ಲಿ, ಕಲಾವಿದ ಚಿತ್ತಪ್ರಸಾದರ ಒತ್ತಾಸೆಯಿಂದ ಹಸಿದವರನ್ನೂ ಸತ್ತವರನ್ನೂ ನೋಡಿ ನೋಡಿ ಬರೆದರು; ಆ ರೇಖಾಚಿತ್ರಗಳು ಕಮ್ಯುನಿಸ್ಟ್ ಪಕ್ಷದ ‘ಜನಯುದ್ಧ’ ಪತ್ರಿಕೆಯಲ್ಲಿ ಅಚ್ಚಾದವು. 1946ರಲ್ಲಿ ಬೆಳೆಯ ಮೂರರಲ್ಲಿ ಎರಡು ಪಾಲು ತಮಗೆ ಸಲ್ಲಬೇಕೆಂದು ಗೇಣಿದಾರರು ಹೂಡಿದ ತೇಭಾಗಾ ಹೋರಾಟವನ್ನು ರಂಗಪುರದ ಹಳ್ಳಿಗಳಲ್ಲಿ ಕಂಡು ದಿನಚರಿ ಬರೆದರು, ಚಿತ್ರ ಬಿಡಿಸಿದರು. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಸಫಿಯುದ್ದೀನ್ ಅಹ್ಮದರಿಂದ ಮುದ್ರಣ ಕಲೆ ಕಲಿತರು. ಮುಂದೆ ದೆಹಲಿಯಲ್ಲಿ ಪಾಠ ಹೇಳಿ, 1960ರ ದಶಕದ ಕೊನೆಯ ಹೊತ್ತಿಗೆ ಶಾಂತಿನಿಕೇತನದ ಕಲಾಭವನಕ್ಕೆ ಬಂದು ಗ್ರಾಫಿಕ್ ವಿಭಾಗ ನೋಡಿಕೊಂಡರು.

ಮರದ ಹಲಗೆ ಕೊರೆಯುವಾಗಲೂ ತಾಮ್ರದ ತಗಡನ್ನು ಆಮ್ಲದಲ್ಲಿ ಅದ್ದುವಾಗಲೂ ಕಲಾವಿದ ಮಾಡುವುದು ಒಂದು ಬಗೆಯ ಗಾಯವನ್ನೇ. ಆದರೆ ಮಸಿ ಬಳಿದು ಒತ್ತಿದ ಮೇಲೆ ನಮಗೆ ಸಿಗುವುದು ಅದರ ಗುರುತು, ಅದೂ ಎಡಬಲ ತಿರುಗಿ. 1971ರ ಸುಮಾರಿಗೆ ಹೋರ್ ಮಸಿಯನ್ನೇ ಕೈಬಿಟ್ಟರು. ಮಣ್ಣಿನ ಇಲ್ಲವೇ ಮೇಣದ ಹಾಳೆಯನ್ನು ಚಾಕುವಿನಿಂದ ಸೀಳಿದರು, ಕಾದ ಸಲಾಕೆಯಿಂದ ಚುಚ್ಚಿದರು. ಅದರ ಮೇಲೆ ಸಿಮೆಂಟ್ ಎರೆದು ಅಚ್ಚು ತೆಗೆದು, ಆ ಅಚ್ಚಿಗೆ ಒದ್ದೆ ಕಾಗದದ ತಿರುಳನ್ನು ಒತ್ತಿದರು. ಇಲ್ಲೊಂದು ಸೂಕ್ಷ್ಮವಿದೆ. ಮಣ್ಣಿನಲ್ಲಿ ತಗ್ಗಾಗಿದ್ದದ್ದು ಸಿಮೆಂಟಿನಲ್ಲಿ ದಿಣ್ಣೆಯಾಗುತ್ತದೆ, ಕಾಗದದಲ್ಲಿ ಮತ್ತೆ ತಗ್ಗು. ಎಡಬಲವೂ ಹಾಗೆಯೇ, ಎರಡು ಸಲ ತಿರುಗಿ ಮೊದಲಿನಂತಾಗುತ್ತದೆ. ಅಂದರೆ ನಮ್ಮ ಕೈಗೆ ಬರುವುದು ಗಾಯದ ಪ್ರತಿಬಿಂಬವಲ್ಲ, ಅದೇ ಆಳದ ಗಾಯ. ತಿರುಳು ಒಣಗಿ ಗಟ್ಟಿಯಾದಾಗ ಮೈ ಒರಟೊರಟಾಗಿ, ಮಾಗಿದ ಚರ್ಮದಂತೆ ಇರುತ್ತದೆ. ಎರಕದ ಮನೆಯ ಕ್ರಮವೇ ಇದು, ಲೋಹದ ಜಾಗದಲ್ಲಿ ಕಾಗದವಿದೆ ಅಷ್ಟೆ.

ಇವು ಅಮೂರ್ತವೇ? ಮನುಷ್ಯಾಕೃತಿ ಇಲ್ಲವೆಂಬ ಅರ್ಥದಲ್ಲಿ ಹೌದು. ಲಾರಿಯ ಟೈರು ಕೊರೆದ ರಸ್ತೆ, ಕಚ್ಚುಬಿದ್ದ ಮರ, ಕಾರಣವಿಲ್ಲದೆ ಇರಿತಕ್ಕೊಳಗಾದ ಮನುಷ್ಯ ಎಲ್ಲದರಲ್ಲೂ ತಮಗೆ ಗಾಯಗಳೇ ಕಂಡವೆಂದು, ಕೊನೆಗೆ ವಸ್ತು ಕಳಚಿ ಗಾಯವಷ್ಟೇ ಉಳಿಯಿತೆಂದು ಹೋರ್ ಹೇಳಿಕೊಂಡಿದ್ದಾರೆ. ನಕ್ಸಲ್ ಚಳವಳಿಯ ಬಂಗಾಳ, ಬಾಂಗ್ಲಾದೇಶದ ಯುದ್ಧ ಕಣ್ಣೆದುರಿಗಿದ್ದ ಕಾಲವದು. ಇಷ್ಟು ಖಚಿತ ವಿಳಾಸವಿರುವ ಕೃತಿಗಳನ್ನು ಶುದ್ಧ ರೂಪದ ಆಟವೆಂದು ಓದುವುದು ನನಗೆ ಒಗ್ಗದು.

ಮುದ್ರಣದಿಂದ ಶಿಲ್ಪದತ್ತ ಸಾಗಿದ ಹೋರ್ ಅವರಿಗೆ ಹೋಲಿಸಿದರೆ ಮುದ್ರಣ ಕಲಾವಿದ ಕೃಷ್ಣ ರೆಡ್ಡಿಯವರದು ತಿರುಗಿದ ದಾರಿ: ಶಿಲ್ಪ ಕಲಿತು ಪ್ಯಾರಿಸ್ಸಿನಲ್ಲಿ ಮುದ್ರಣ ಕಲೆಗೆ ಬಂದು, ತಗಡನ್ನೇ ಶಿಲ್ಪದಂತೆ ಕಡೆದರು. ಆದರೆ ಅವರ ತಗಡಿಗೆ ಬಣ್ಣ ಬೇಕಿತ್ತು.

ಹೋರ್ ಅವರ ಕಂಚುಗಳಲ್ಲಿ ಮನುಷ್ಯರು ಮರಳುತ್ತಾರೆ; ಆದರೆ ಮೈ ಅದೇ ಕಾಗದದ್ದು. ಮೇಣದ ತೆಳುಹಾಳೆಗಳನ್ನು ಕತ್ತರಿಸಿ, ಬಾಗಿಸಿ, ಬೆಸೆದು, ಸೀಳುಗಳನ್ನು ಹಾಗೇ ಬಿಟ್ಟು ಎರಕ ಹೊಯ್ದರು. ವಿಯೆಟ್ನಾಂ ಜನರ ಹೋರಾಟಕ್ಕೆ ಗೌರವವಾಗಿ ಮಾಡಿದ ತಾಯಿ-ಮಗುವಿನ ದೊಡ್ಡ ಕಂಚು 1977ರಲ್ಲಿ, ಮುಗಿದ ಸ್ವಲ್ಪ ಕಾಲದಲ್ಲೇ, ಕಲಾಭವನದಿಂದ ಕಳುವಾಯಿತು. ಮತ್ತೆ ಎರಕ ಹೊಯ್ಯಲು ಬೇಕಾದ ಮೇಣವಂತೂ ಮೊದಲ ಎರಕದಲ್ಲೇ ಕರಗಿಹೋಗಿತ್ತು.